ಕ್ಲಚ್ಚಿಲ್ಲದ ಹಳೆಯ ಫೋರ್‌ವೀಲ್: ಕೇಳಿದ್ದೆಷ್ಟು, ನಿಜವೆಷ್ಟು

ನನ್ನ ಹೆಂಡತಿಯ ತಮ್ಮ ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ಅವನ ಬಳಿ 1972ರ ಷೆವರ್ಲೆ ಕೆ10 ಪಿಕಪ್ ಇದೆ. ವಿ8 ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ, ನಾಲ್ಕು ಗೇರಿನ ಮ್ಯಾನ್ಯುಯಲ್. ಮಂಡಿ ಆಪರೇಷನ್ ಆದಮೇಲೆ ಆ ಗಾಡಿಯ ಕ್ಲಚ್ ತುಳಿಯುವುದು ಅವನಿಂದಾಗುತ್ತಿಲ್ಲ. "ಭಾವ, ಆಟೊಮ್ಯಾಟಿಕ್ ಹಾಕಿಸಿಬಿಡ್ಲಾ?" ಎಂದು ಕೇಳಿದ. ಅಷ್ಟರಲ್ಲಾಗಲೇ ಹತ್ತು ಜನ ಅವನಿಗೆ ಹತ್ತು ಮಾತು ಹೇಳಿದ್ದರು. ಅವುಗಳಲ್ಲಿ ಕೆಲವನ್ನು ಇಲ್ಲಿ ತೂಗಿ ನೋಡಿದ್ದೇನೆ.

"ಆಟೊಮ್ಯಾಟಿಕ್ ಪೇಟೆ ಕಾರಿನದು, ಕಾಡುಮೇಡಿಗೆ ತಡೆಯಲ್ಲ"

ಜನರಲ್ ಮೋಟಾರ್ಸ್ ತನ್ನ ಹೈಡ್ರಾಮ್ಯಾಟಿಕ್ ಗೇರ್ ಬಾಕ್ಸನ್ನು ಮೊದಲು ಕೊಟ್ಟದ್ದು 1940ರ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ. ಎರಡೇ ವರ್ಷದಲ್ಲಿ ಅದು ಎಂ5 ಸ್ಟುವರ್ಟ್ ಟ್ಯಾಂಕಿನೊಳಗೆ ಕೂತಿತ್ತು: ಎರಡು ಕ್ಯಾಡಿಲಾಕ್ ಎಂಜಿನ್, ಎರಡು ಹೈಡ್ರಾಮ್ಯಾಟಿಕ್. 1950ರ ದಶಕದ ಜಿಎಂಸಿ ಎಂ211 ಸೇನಾ ಲಾರಿಯಲ್ಲೂ ಅದೇ ಕುಲದ್ದು. ಜೀಪ್ ವ್ಯಾಗನೀರ್ 1963ರ ಮಾಡೆಲ್‌ನಲ್ಲೇ ಆಟೊಮ್ಯಾಟಿಕ್ ಕೊಟ್ಟಿತು. ಮುಂದೆ ಬಂದ ಟಿಎಚ್400 ಎಂಬ ಮೂರು ಗೇರಿನ ಪೆಟ್ಟಿಗೆ 1976ರ ಸಿಜೆ-7 ಜೀಪಿಗೂ ಹೊಕ್ಕಿತು. ಆರಂಭದ ಹಮ್ವಿಗಳಿಗೂ ಅದರದೇ ಒಂದು ರೂಪ. ಟ್ಯಾಂಕಿಗೆ ಒಗ್ಗಿದ್ದು ಪಿಕಪ್ಪಿಗೆ ಒಗ್ಗದೆ?

"ಹಾಕಿಸಿದರೆ ಗಾಡಿಯ ಅಸಲಿತನ ಹೋಯಿತು"

1969ರ ಕೆ5 ಬ್ಲೇಜರ್, ಅಂದರೆ ಇದೇ ಕೆ10ನ ಖಾಸಾ ತಮ್ಮ, ಬೇಕೆಂದವರಿಗೆ ಟಿಎಚ್350 ಆಟೊಮ್ಯಾಟಿಕ್ ಹೊತ್ತೇ ಕಾರ್ಖಾನೆಯಿಂದ ಹೊರಬಂದಿತ್ತು. ಈ ವಾದ ಇಲ್ಲಿಗೇ ಸಾಕು.

"ಷೆವರ್ಲೆಗೆ ಷೆವರ್ಲೆಯದೇ ಬಾಕ್ಸ್, ಶನಿವಾರ ಬಿಚ್ಚಿ ಭಾನುವಾರ ಓಡಿಸಬಹುದು"

ಎಂಜಿನ್ ಕಡೆಯ ಬೋಲ್ಟುಗಳು ಕೂರುತ್ತವೆ, ನಿಜ. ತಕರಾರು ಇರುವುದು ಹಿಂಬದಿಯಲ್ಲಿ. ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ಈ ಗಾಡಿಯ ಎನ್‌ಪಿ205 ಟ್ರಾನ್ಸ್‌ಫರ್ ಕೇಸ್ ಹಳೆಯ ಎಸ್‌ಎಂ465 ಮ್ಯಾನ್ಯುಯಲ್ಲಿಗೆ ಹೊಂದುವ 10 ಹಲ್ಲಿನ ಸ್ಪ್ಲೈನಿನದು. ಟಿಎಚ್350ಕ್ಕೆ ಬೇಕಾದದ್ದು 27 ಹಲ್ಲು, ಟಿಎಚ್400ಕ್ಕೆ 32. ಹೊರಗಿನಿಂದ ನೋಡಿದರೆ ಮೂರೂ ಎನ್‌ಪಿ205ಗಳು ಒಂದೇ ಥರ. ಗುಜರಿ ಅಂಗಡಿಯಲ್ಲಿ ಒಳಗೆ ಬೆರಳಿಟ್ಟು ಹಲ್ಲು ಎಣಿಸದೆ ದುಡ್ಡು ಕೊಟ್ಟವನು ಎರಡನೇ ಸಲ ಅದೇ ಅಂಗಡಿಗೆ ಹೋಗುತ್ತಾನೆ. ಉದ್ದ ಬದಲಾದ್ದರಿಂದ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳನ್ನು ಅಳತೆಗೆ ತರಬೇಕು, ಕೆಳಗಿನ ಅಡ್ಡಪಟ್ಟಿಯನ್ನೂ ಸರಿಸಬೇಕು.

ಜೋಡಿಸುವಾಗ ಇನ್ನೊಂದು. ಕ್ಲಚ್ಚಿನ ಜಾಗದಲ್ಲಿ ಬರುವ ಟಾರ್ಕ್ ಕನ್ವರ್ಟರನ್ನು ಬಾಕ್ಸಿನ ಮೂತಿಗಿಟ್ಟು, ತಿರುಗಿಸುತ್ತ ಒಳಗೆ ನೂಕಬೇಕು. ಒಂದು ಸಲ ಟಕ್ ಎನ್ನುತ್ತದೆ, ಸ್ವಲ್ಪ ತಿರುಗಿಸಿದರೆ ಇನ್ನೊಂದು ಟಕ್, ಮತ್ತೆ ತಿರುಗಿಸಿದರೆ ಮೂರನೆಯದು. ಮೂರನೆಯದು ಕೇಳುವ ಮುಂಚೆ ಕೂತಿತೆಂದುಕೊಂಡು ಎಂಜಿನ್ನಿಗೆ ಬಿಗಿದರೆ, ಬೋಲ್ಟು ಬಿಗಿಯಾಗುವುದರ ಜೊತೆಗೆ ಒಳಗಿನ ಆಯಿಲ್ ಪಂಪೂ ಮುರಿಯುತ್ತದೆ. ಸರಿಯಾಗಿ ಕೂತಿದ್ದರೆ, ಬಾಕ್ಸ್ ಬಿಗಿದ ಮೇಲೂ ಕನ್ವರ್ಟರಿಗೂ ಫ್ಲೆಕ್ಸ್ ಪ್ಲೇಟಿಗೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಉಳಿದಿರುತ್ತದೆ. ಸಂದಿಲ್ಲದಿದ್ದರೆ ಸ್ಪ್ಯಾನರ್ ಕೆಳಗಿಡಿ.

"ಕನ್ವರ್ಟರ್ ಬಲವನ್ನು ದುಪ್ಪಟ್ಟು ಮಾಡುತ್ತದೆ, ಆದ್ದರಿಂದ ಬೆಟ್ಟಕ್ಕೆ ಏನೂ ನಷ್ಟವಿಲ್ಲ"

ಇದರಲ್ಲಿ ಅರ್ಧ ಸತ್ಯವಿದೆ. ಅದಕ್ಕೇ ಇದು ಉಳಿದ ಎಲ್ಲ ಮಾತಿಗಿಂತ ಅಪಾಯದ್ದು.

ಎಸ್‌ಎಂ465ನ ಮೊದಲ ಗೇರು 6.55. ಅಲ್ಲಿನವರು ಅದನ್ನು ಅಜ್ಜಿ ಗೇರು ಅನ್ನುತ್ತಾರೆ. ನಡಿಗೆ ನೋಡಿದರೆ ಹೆಸರು ತಪ್ಪಲ್ಲ. ಅದನ್ನು ಟ್ರಾನ್ಸ್‌ಫರ್ ಕೇಸಿನ ಲೋ 1.96ರಿಂದ, ಆಕ್ಸಲ್ಲಿನ 3.73ರಿಂದ ಗುಣಿಸಿ: ಸುಮಾರು 48. ಚಕ್ರ ಒಂದು ಸುತ್ತು ಬರಲು ಎಂಜಿನ್ 48 ಸುತ್ತು. ಟಿಎಚ್350ನ ಮೊದಲ ಗೇರು 2.52 ಮಾತ್ರ, ಅದೇ ಲೆಕ್ಕ ಹಾಕಿದರೆ 18 ಚಿಲ್ಲರೆ. ಏರುವಾಗ ಕನ್ವರ್ಟರ್ ಜಾರುತ್ತ ಎಂಜಿನ್ನಿನ ತಿರುಚುಬಲವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುವುದು ಹೌದು, ಕೊರತೆಯ ಬಹುಪಾಲು ತುಂಬಿಕೊಳ್ಳುತ್ತದೆ. ಕಲ್ಲಿನ ಏರಿನ ಮಧ್ಯೆ ಎಂಜಿನ್ ಆರಿಹೋಗುವ ಭಯವೂ ಇಲ್ಲ. ಹೊಸಬರಿಗೆ ಅದು ದೊಡ್ಡ ವರ.

ಇಳಿಯುವಾಗ ಈ ದುಪ್ಪಟ್ಟು ಇಲ್ಲವೇ ಇಲ್ಲ. ಅಲ್ಲಿ ಉಳಿಯುವುದು ಬರೀ 18. ಲಿವರನ್ನು ಲೋಗೆ ಎಳೆದಿಟ್ಟರೆ ಎಂಜಿನ್ ಹಿಡಿತ ಸಿಗುತ್ತದೆ, ಆದರೆ ಅಜ್ಜಿ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯುತ್ತಿದ್ದ ದಾರಿಯಲ್ಲಿ ಈಗ ಬ್ರೇಕ್ ತುಳಿಯಲೇಬೇಕು. 1972ರ ಬ್ರೇಕು, ಐವತ್ತು ದಾಟಿದ ಪೈಪುಗಳು. ಭಾವಮೈದನಿಗೆ ನಾನು ಹೇಳಿದ್ದು ಇಷ್ಟೇ: ಗೇರ್ ಬಾಕ್ಸಿಗೆ ಇಟ್ಟ ದುಡ್ಡಿನಲ್ಲಿ ಮೊದಲ ಪಾಲು ಬ್ರೇಕಿಗೆ.

"ನಾಲ್ಕು ಗೇರಿನ 700ಆರ್4 ಹಾಕಿಸು, ಅದರ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಬರೀ ಕಿಕ್‌ಡೌನ್ ಕೇಬಲ್"

1982ರಲ್ಲಿ ಬಂದ 700ಆರ್4ನ ಆಸೆ ಅರ್ಥವಾಗುವಂಥದ್ದೇ. ಮೊದಲ ಗೇರು 3.06, ಕೊನೆಯದು 0.70ರ ಓವರ್‌ಡ್ರೈವ್. 31 ಅಂಗುಲದ ಟೈರಿನಲ್ಲಿ ಗಂಟೆಗೆ 60 ಮೈಲಿ ಹೋಗುವಾಗ ಎಂಜಿನ್ 2,400 ಸುತ್ತಿನ ಬದಲು 1,700ರ ಆಸುಪಾಸಿಗೆ ಇಳಿಯುತ್ತದೆ.

ಆದರೆ ಆ ಕೇಬಲ್ಲಿನ ವಿಷಯದಲ್ಲಿ ಮಾತು ಪೂರ್ತಿ ತಪ್ಪು. ಟಿಎಚ್350ನ ಕೇಬಲ್ ಸಡಿಲವಾದರೆ ಓವರ್‌ಟೇಕಿಗೆ ಗೇರು ಇಳಿಯುವುದಿಲ್ಲ, ಅಷ್ಟೇ. 700ಆರ್4ನ ಕೇಬಲ್ ಹಾಗಲ್ಲ. ನೀವು ಆಕ್ಸಿಲರೇಟರ್ ಎಷ್ಟು ಒತ್ತಿದಿರಿ ಎಂದು ಬಾಕ್ಸಿಗೆ ತಿಳಿಸಿ ಒಳಗಿನ ಎಣ್ಣೆಯ ಒತ್ತಡ ಏರಿಸುವುದೇ ಅದು. ಹಳೆಯ ಕಾರ್ಬ್ಯುರೇಟರಿನ ಕೊಂಡಿಗೆ ಅಂದಾಜಿನಲ್ಲಿ ಸಿಕ್ಕಿಸಿದರೆ ಒತ್ತಡ ಸಾಲದೆ ಒಳಗಿನ ಕ್ಲಚ್ ಪ್ಲೇಟುಗಳು ಜಾರಿ ಸುಟ್ಟುಹೋಗುತ್ತವೆ. ಆಮೇಲೆ ಬೈಗುಳವೆಲ್ಲ ಬಾಕ್ಸಿಗೆ.

"ರೇಡಿಯೇಟರ್ ಇದೆಯಲ್ಲ, ಬೇರೆ ಕೂಲರ್ ಯಾಕೆ"

ಮ್ಯಾನ್ಯುಯಲ್ ಗಾಡಿಯ ರೇಡಿಯೇಟರಿನೊಳಗೆ ಗೇರ್ ಎಣ್ಣೆ ತಣಿಸುವ ಕೊಳವೆಯೇ ಇರುವುದಿಲ್ಲ. ಕನ್ವರ್ಟರ್ ಜಾರಿದಷ್ಟೂ ಎಣ್ಣೆ ಕಾಯುತ್ತದೆ. ಮರಳಲ್ಲಿ, ಕಲ್ಲಲ್ಲಿ ತೆವಳುವಾಗ ಗಾಳಿಯೂ ಬಡಿಯುವುದಿಲ್ಲ. ಕೂಲರ್ ಬೇಕೇ ಬೇಕು. ಸಿಕ್ಕಿಹಾಕಿಕೊಂಡ ಮೇಲಷ್ಟೇ ಲೋ ರೇಂಜ್ ಎಂಬ ಚಾಳಿಯನ್ನೂ ಬಿಡಬೇಕು: ಮೊದಲೇ ಹಾಕಿದರೆ ಕನ್ವರ್ಟರ್ ಕಡಿಮೆ ಜಾರುತ್ತದೆ, ಎಣ್ಣೆ ಕಡಿಮೆ ಕಾಯುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಕೆಂಪಗಿದ್ದರೆ ಸರಿ. ಕಂದು ತಿರುಗಿ ಸುಟ್ಟ ವಾಸನೆ ಬಂದರೆ ಆಗಲೇ ತಡವಾಗಿದೆ.

ಅಂದಹಾಗೆ, ಬ್ಯಾಟರಿ ಇಳಿದಾಗ ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಹಳೆಯ ವಿದ್ಯೆ ಇವುಗಳ ಮುಂದೆ ನಡೆಯುವುದಿಲ್ಲ. ಎಣ್ಣೆಯ ಪಂಪು ತಿರುಗುವುದು ಎಂಜಿನ್ ತಿರುಗಿದಾಗ ಮಾತ್ರ.

ಅವನು ಕೊನೆಗೆ ಟಿಎಚ್350 ಆರಿಸಿಕೊಂಡ. ನನ್ನ ಮತವೂ ಅದಕ್ಕೇ. ನೀವೂ ಇಂಥ ಕೆಲಸಕ್ಕೆ ಕೈಹಾಕುವುದಾದರೆ, ಬಿಚ್ಚಿದ ಮ್ಯಾನ್ಯುಯಲ್ ಬಾಕ್ಸು, ಕ್ಲಚ್ ಪೆಡಲ್ಲು, 10 ಹಲ್ಲಿನ ಆ ಇನ್‌ಪುಟ್ ಗೇರು, ಒಂದನ್ನೂ ಮಾರಬೇಡಿ. ಎಣ್ಣೆ ಬಳಿದು, ಬಟ್ಟೆ ಸುತ್ತಿ, ಶೆಡ್ಡಿನ ಮೂಲೆಯಲ್ಲಿಡಿ.