ಚಂದಾಪುರದಿಂದ ಹಳೆಯ ರಾಜಧಾನಿಗೆ ಒಂದು ದಿನ

ಮುಲ್ಲಾಮಾರಿ ಹೊಳೆಯ ಒಂದು ದಂಡೆಗೆ ಚಿಂಚೋಳಿ, ಇನ್ನೊಂದಕ್ಕೆ ಚಂದಾಪುರ. ತಾಲ್ಲೂಕಿನ ಹೆಸರು ಆ ದಂಡೆಯದು, ಮಿನಿ ವಿಧಾನಸೌಧ ಈ ದಂಡೆಯದು. ರೈಲು ಕಾಣದ ಈ ಊರಿನ ವಿದ್ಯಾರ್ಥಿಗಳಿಗೆ ಬೆಂಗಳೂರು ರಾತ್ರಿಯಿಡೀ ಪ್ರಯಾಣ. ಹೈದರಾಬಾದು ತಾಂಡೂರಿನ ಮೇಲೆ ಹಾದರೆ ಮೂರು-ನಾಲ್ಕು ತಾಸಿನ ದಾರಿ. ನಸುಕಿನಲ್ಲಿ ಹೊರಟು ರಾತ್ರಿ ಮರಳುವ ಶೈಕ್ಷಣಿಕ ಪ್ರವಾಸಕ್ಕೆ ಇದಕ್ಕಿಂತ ಅನುಕೂಲದ ನಗರವಿಲ್ಲ. ಚಾರ್‌ಮಿನಾರಿನ ಎದುರು ಫೋಟೊ, ಬಿರಿಯಾನಿ, ಲಾಡ್ ಬಜಾರಿನ ಬಳೆ ಎಂದು ಅದನ್ನು ಪರರಾಜ್ಯದ ಊರಾಗಿ ನೋಡಿ ಬರಬಹುದು. ಆದರೆ 1956ರ ನವೆಂಬರ್ 1ರವರೆಗೆ ಚಂದಾಪುರದ ರಾಜಧಾನಿ ಅದೇ ಆಗಿತ್ತು. ಅಲ್ಲಿಗೆ ಹೋಗುವುದಾದರೆ ಆ ಲೆಕ್ಕದಲ್ಲಿಯೇ ಹೋಗಬೇಕು.

ಚಾರ್‌ಮಿನಾರ್ ಎದ್ದದ್ದು 1591ರಲ್ಲಿ. ಕಥೆಯ ಬೇರು ಮಾತ್ರ 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳಲ್ಲಿದೆ. ಅದನ್ನು ಕಟ್ಟಿಸಿದ ಗೋಲ್ಕೊಂಡದ ಕುತುಬ್‌ಶಾಹಿ ವಂಶದ ಮೂಲಪುರುಷ ಸುಲ್ತಾನ್ ಕುಲಿ ಅವರ ಕೈಕೆಳಗಿನ ಅಧಿಕಾರಿ. ಸಾಲಾರ್‌ಜಂಗ್ ಮ್ಯೂಜಿಯಂನಲ್ಲಿ ಜನ ಮುಗಿಬೀಳುವುದು ಮುಸುಕಿನ ರೆಬೆಕ್ಕಾ ಪ್ರತಿಮೆಗೆ; ಚಿಂಚೋಳಿ ಸೀಮೆಯವರು ನಿಲ್ಲಬೇಕಾದದ್ದು ನೆರೆಯ ಬೀದರಿನ ಬಿದ್ರಿ ಕೆಲಸದ ಮುಂದೆ. ಹಳೇ ಪಟ್ಟಣದ ಅಂಗಳಗಳಲ್ಲಿ ಕಾಲಿಗೆ ತಾಗುವುದು ಶಹಾಬಾದಿ ಫರಸಿ. ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಮುಂಬೈ–ಮದ್ರಾಸು ಹಳಿಗೆ ಆ ರಾಜಧಾನಿಯನ್ನು ಜೋಡಿಸಿದ ಕೊಂಡಿ ನಮ್ಮ ವಾಡಿ. 1908ರ ಮೂಸಿ ಪ್ರವಾಹ ನಗರವನ್ನು ಕೊಚ್ಚಿದ ಮೇಲೆ ಪರಿಹಾರ ಕೇಳಿ ಕರೆಸಿದ್ದು ವಿಶ್ವೇಶ್ವರಯ್ಯನವರನ್ನು. ಉಸ್ಮಾನ್‌ಸಾಗರ ಅದರ ಫಲ. ಇನ್ನು 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ: ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಅದಕ್ಕೂ ಬಹಳ ಹಿಂದೆ, ನಿಜಾಮರ ಕಾಲದಲ್ಲಿ, ಈ ಭಾಗದ ಹುಡುಗರಿಗೆ ಪದವಿ ಎಂದರೆ ಉಸ್ಮಾನಿಯಾ.

ಹಾಗಂತ ಅದನ್ನು ಹೊಗಳಿಕೆಯ ಪ್ರವಾಸ ಮಾಡಬೇಕಿಲ್ಲ. ಕನ್ನಡವನ್ನು ಮೂಲೆಗೆ ಒತ್ತಿದ, ರಜಾಕಾರರನ್ನು ಬೆಳೆಸಿದ ಆಡಳಿತದ ಊರಿಗೆ ಮಕ್ಕಳನ್ನೇಕೆ ಒಯ್ಯಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಹಾವಳಿಯ ಜೊತೆಗೆ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಈ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನೂ ಹೇಳದೆ ಚೌಮಹಲ್ಲಾ ಅರಮನೆಯ ದೀಪಗುಚ್ಛಗಳನ್ನಷ್ಟೇ ತೋರಿಸಿದರೆ ಅದು ಪ್ರವಾಸವಾದೀತು, ಶೈಕ್ಷಣಿಕವಾಗದು. 371(ಜೆ) ಕಲಮಿನ ಮೀಸಲಾತಿ ಪಡೆಯುವ ವಿದ್ಯಾರ್ಥಿಗೆ ತನ್ನ ಭಾಗ ಏಕೆ ಹಿಂದುಳಿಯಿತು ಎಂಬುದರ ಒಂದು ಪಾಲು ಉತ್ತರ ಆ ಅರಮನೆಯಲ್ಲೇ ಇದೆ.

ಮಳಖೇಡವೇ ಪಕ್ಕದಲ್ಲಿರುವಾಗ ಹೈದರಾಬಾದೇಕೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ರಾಷ್ಟ್ರಕೂಟರ ಮಾನ್ಯಖೇಟವನ್ನೂ ಸನ್ನತಿ–ಕನಗನಹಳ್ಳಿಯ ಅಶೋಕನ ಶಿಲ್ಪವನ್ನೂ ನೋಡದವರು ಮೊದಲು ಅಲ್ಲಿಗೇ ಹೋಗಲಿ. ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆ, ಬಸದಿ ಬಿಟ್ಟರೆ ಕಣ್ಣು ಕೋರೈಸುವುದು ಹೆಚ್ಚೇನಿಲ್ಲ. ಓದಿಕೊಂಡು ಹೋಗಬೇಕಾದ ಜಾಗ ಅದು. ಆ ಓದು ಆಗಿದ್ದರೆ ಹೈದರಾಬಾದಿನ ದಿನದಲ್ಲಿ ಗೋಲ್ಕೊಂಡದ ಮೆಟ್ಟಿಲು ಬಿಟ್ಟು, ಕಾಚಿಗುಡಾದಲ್ಲಿ ಅಲ್ಲಿನ ಕನ್ನಡಿಗರು ಕಟ್ಟಿಕೊಂಡ ಶಾಲೆಗೆ ಒಂದು ತಾಸು ಕೊಡಬಹುದು. ಅದಕ್ಕೆ ಅವರು ಇಟ್ಟಿರುವ ಹೆಸರು ನೃಪತುಂಗ.