ಹೇಸಿಗೆಯ ಕಾವಲು

ಸತ್ತ ಜಿರಳೆಯೊಂದನ್ನು ಹಣ್ಣಿನ ರಸದ ಲೋಟದಲ್ಲಿ ಒಮ್ಮೆ ಅದ್ದಿ ತೆಗೆದರು. ಜಿರಳೆಯಲ್ಲಿ ಒಂದೂ ರೋಗಾಣುವಿಲ್ಲ, ಮೊದಲೇ ಶುದ್ಧಗೊಳಿಸಿದ್ದೇವೆ ಎಂದರೂ ಆ ರಸ ಹೆಚ್ಚಿನವರಿಗೆ ರುಚಿಸದಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಬುದ್ಧಿ ಒಪ್ಪಿದ್ದನ್ನು ಹೊಟ್ಟೆ ಒಪ್ಪಲಿಲ್ಲ. ರೋಗ ಮೈಯೊಳಗೆ ಹೊಕ್ಕ ಮೇಲೆ ಹೋರಾಡುವುದಕ್ಕಿಂತ ಹೊಸ್ತಿಲಲ್ಲೇ ತಡೆಯುವುದು ಸುಲಭ. ಹೇಸಿಗೆ ಮಾಡುವುದು ಆ ಕೆಲಸವನ್ನೇ. ಕೆನಡಾದ ಮನಶ್ಶಾಸ್ತ್ರಜ್ಞ ಮಾರ್ಕ್ ಶಾಲರ್ ಇದನ್ನು ನಡವಳಿಕೆಯ ರೋಗನಿರೋಧಕ ವ್ಯವಸ್ಥೆ ಎಂದು ಕರೆದರು. ಕೆರಿಬಿಯನ್ ಕಡಲಿನಲ್ಲಿ ಗುಂಪಾಗಿ ಬಾಳುವ ಲಾಬ್‌ಸ್ಟರ್‌ಗಳು ಕೂಡ ವೈರಸ್ ತಗುಲಿದ ಜೊತೆಗಾರನಿರುವ ಬಿಲಕ್ಕೆ ಹೋಗುವುದಿಲ್ಲ.

ಆದರೆ ರೋಗಾಣು ಕಣ್ಣಿಗೆ ಕಾಣದು. ಹಾಗಾಗಿ ಈ ಕಾವಲುಗಾರ ಕಲೆ, ಗಾಯ, ಊನ, ವಾಸನೆ ನೋಡಿ ಊಹಿಸುತ್ತಾನೆ. ಅನುಮಾನ ಬಂದರೆ ಸಾಕು, ಬಾಗಿಲು ಹಾಕುತ್ತಾನೆ. ತೊನ್ನು ಅಂಟುವ ರೋಗವೇ ಅಲ್ಲ, ಆದರೂ ತೊನ್ನಿರುವವರ ಕೈಯಿಂದ ನೀರು ಇಸಿದುಕೊಳ್ಳಲು ಹಿಂಜರಿಯುವವರಿದ್ದಾರೆ. ಕುಷ್ಠರೋಗದಲ್ಲಂತೂ ಈ ಊಹೆಯೇ ಕಾನೂನಾಯಿತು. ಬೀದಿಯಲ್ಲಿ ಬೇಡುವ ರೋಗಿಗಳನ್ನು ಹಿಡಿದು ಕೂಡಿಹಾಕಲು ಭಾರತದ 1898ರ ಕಾಯ್ದೆ ಅವಕಾಶ ಕೊಟ್ಟಿತ್ತು. ರೋಗವನ್ನು ಪೂರ್ತಿ ವಾಸಿಮಾಡುವ ಬಹುಔಷಧ ಚಿಕಿತ್ಸೆ 1980ರ ದಶಕದಲ್ಲೇ ಬಂದರೂ ಆ ಕಾಯ್ದೆ ರದ್ದಾದದ್ದು 2016ರಲ್ಲಿ. ಸಂಗಾತಿಗೆ ಕುಷ್ಠವಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶ 2019ರವರೆಗೂ ಉಳಿದಿತ್ತು. ಬಹುಪಾಲು ಜನರ ದೇಹ ಈ ರೋಗಾಣುವನ್ನು ತಾನಾಗಿಯೇ ತಡೆಯಬಲ್ಲದು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಸಹಜ ಪ್ರವೃತ್ತಿಯೆಂದ ಮೇಲೆ ತಪ್ಪೇನು ಎಂದು ಕೇಳಬಹುದು. ಮಡಿ-ಮೈಲಿಗೆಯನ್ನು ಆರೋಗ್ಯಶಾಸ್ತ್ರವೆಂದು ಸಮರ್ಥಿಸುವವರೂ ಇದ್ದಾರೆ. ಈ ಮಾತು ನಿಲ್ಲುವುದಿಲ್ಲ. ರೋಗಾಣು ಜಾತಿ ಕೇಳುವುದಿಲ್ಲ. ಯಾರನ್ನು ಕಂಡು ಹೇಸಬೇಕೆಂದು ಮಗುವಿಗೆ ಕಲಿಸುವವರು ಹಿರಿಯರು. ಹೇಸಿಗೆ ಸಂಬಂಧಕ್ಕೆ ಮಣಿಯುತ್ತದೆ ಎಂಬುದಕ್ಕೂ ಪುರಾವೆಯಿದೆ: ಬೇರೆ ಮಕ್ಕಳ ಮಲದ ವಾಸನೆಗಿಂತ ತನ್ನ ಕೂಸಿನದು ತಾಯಿಗೆ ಕಡಿಮೆ ಅಸಹ್ಯವೆನಿಸುತ್ತದೆ, ಯಾವುದು ಯಾರದೆಂದು ತಿಳಿಸದಿದ್ದಾಗಲೂ. ಹಾಗೆಂದು ಹೇಸಿಗೆಯನ್ನು ಬಿಟ್ಟುಬಿಡಿ ಎನ್ನಲಾಗದು. ಹಳಸಿದ ಅನ್ನ, ಕೊಳೆತ ಮೀನಿನ ಮುಂದೆ ಅದು ಒಳ್ಳೆಯ ಸಲಹೆಗಾರ. ಮನುಷ್ಯರ ವಿಷಯದಲ್ಲಿ ಮಾತ್ರ ಅದರ ಮಾತಿಗಿಂತ ಪ್ರಯೋಗಾಲಯದ ಮಾತು ಮೇಲು. ಏಕೆಂದರೆ ಜನ ದೂರವಿಟ್ಟಾರೆಂಬ ಭಯದಿಂದ ಕುಷ್ಠರೋಗಿ ಮಚ್ಚೆಯನ್ನು ಮುಚ್ಚಿಡುತ್ತಾನೆ, ಚಿಕಿತ್ಸೆ ತಡವಾಗುತ್ತದೆ, ಆ ನಡುವೆ ಸೋಂಕು ಮನೆಯವರಿಗೆ ದಾಟಬಹುದು. ರೋಗ ತಡೆಯಲೆಂದು ಬಂದ ಪ್ರವೃತ್ತಿಯೇ ರೋಗಕ್ಕೆ ದಾರಿ ಮಾಡಿಕೊಡುತ್ತದೆ.

ಮೈಮೇಲೆ ಮುಟ್ಟಿದರೂ ಅರಿವಾಗದ ತಿಳಿಬಣ್ಣದ ಮಚ್ಚೆ ಕಂಡರೆ ಅದು ಕುಷ್ಠವಿರಬಹುದು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಔಷಧಿ ಉಚಿತ, ಆರರಿಂದ ಹನ್ನೆರಡು ತಿಂಗಳು ತಪ್ಪದೆ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ.