ಕೀಲುವಾತದವರ ದಿನಚರಿ

ಬೆಳಿಗ್ಗೆ ಎದ್ದಾಗ ಬೆರಳು, ಮಣಿಕಟ್ಟುಗಳ ಕೀಲು ಊದಿ, ಅರ್ಧ ಗಂಟೆಗೂ ಮೀರಿ ಬಿಗಿದಿರುವುವೇ? ಇದು ಬರಿಯ ದಣಿವಲ್ಲ, ರುಮಟಾಯ್ಡ್ ಕೀಲುವಾತವಿರಬಹುದು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ತಡಮಾಡಿದರೆ ಕೀಲು ಸೊಟ್ಟಗಾದೀತು. ಬೇಗನೆ ವೈದ್ಯರಿಗೆ ತೋರಿಸಿರಿ.

ಪಥ್ಯವೊಂದೇ ಸಾಲದು. ಬೀಡಿ ಬಿಡಿರಿ, ಹೊಗೆಯಿಂದ ರೋಗ ಉಲ್ಬಣಿಸುವುದು. ಬೆಳಿಗ್ಗೆ ಬೆಚ್ಚನೆಯ ನೀರಿನಲ್ಲಿ ಕೈಯಿಟ್ಟು ಬೆರಳುಗಳನ್ನು ಮೆಲ್ಲನೆ ಮಡಿಸಿ ಚಾಚಿರಿ. ಕೊಡವನ್ನು ಬೆರಳಿನಲ್ಲಿ ತೂಗಿಸದೆ ಎರಡೂ ತೋಳಿನಿಂದ ತಬ್ಬಿ ಎತ್ತಿರಿ. ಕಳೆ ಕೀಳುವಾಗ ನಡುನಡುವೆ ವಿಶ್ರಮಿಸಿರಿ. ರಾತ್ರಿ ಸಾಕಷ್ಟು ನಿದ್ರಿಸಿರಿ.

ಮೆಥೊಟ್ರೆಕ್ಸೇಟ್ ಗುಳಿಗೆ ಕೊಟ್ಟಿದ್ದರೆ ಅದು ವಾರಕ್ಕೆ 1 ದಿನ ಮಾತ್ರ. ದಿನವೂ ನುಂಗಿದರೆ ಪ್ರಾಣಾಪಾಯ. ಗರ್ಭಿಣಿಯರಿಗಂತೂ ಕೂಡದು. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿರಿ. ನೋವು ಇಳಿಯಿತೆಂದು ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬೇಡಿರಿ.